ಎನ್‌ಸಿ ಬಿಟ್ಟೆ, ವರ್ಕ್‌ಬುಕ್ ಓಡಿತು

ಹತ್ತನೇ ತರಗತಿ ಜೀವಶಾಸ್ತ್ರಕ್ಕೆ ನಾನು ಮಾಡಿದ ವರ್ಕ್‌ಬುಕ್ಕನ್ನು ಸಿಸಿ ಬೈ-ಎಸ್‌ಎ 4.0 ಲೈಸೆನ್ಸಿನಲ್ಲಿ (ಮಾಡಿದವರ ಹೆಸರು ಹಾಕಿ, ಬದಲಿಸಿದ್ದನ್ನೂ ಇದೇ ಲೈಸೆನ್ಸಿನಲ್ಲಿ ಹಂಚಿದರೆ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು) ಬಿಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. ‘ಬೆವರು ನಿಮ್ಮದು, ದುಡ್ಡು ಗೈಡ್ ಮಾರುವವನದು ಮೇಷ್ಟ್ರೇ’ ಅಂದರು. ಕೊಡಲೇಬೇಕು ಅಂತಿದ್ದರೆ ಎನ್‌ಸಿ (ನಾನ್-ಕಮರ್ಷಿಯಲ್) ಷರತ್ತು ಸೇರಿಸಿ, ಯಾರೂ ಮಾರುವ ಹಾಗಿರಬಾರದು ಅಂತ ಉಪದೇಶ ಬೇರೆ. ಈಗ ಅದೇ ಪುಸ್ತಕ ಮೂರ್ನಾಲ್ಕು ಜಿಲ್ಲೆಗಳ ಶಾಲೆಗಳಲ್ಲಿ ಓಡಾಡುತ್ತಿದೆ. ನಕ್ಕವರಲ್ಲಿ ಇಬ್ಬರು ಅದನ್ನೇ ಬಳಸುತ್ತಿದ್ದಾರೆ.

ಮೊದಲ ವರ್ಷ ಅವರ ಮಾತಿನಂತೆ ಎನ್‌ಸಿ ಹಾಕಿಯೇ ನೋಡಿದೆ. ಊರಿನ ಪ್ರೆಸ್ಸಿನವರು ‘ವಾಣಿಜ್ಯ ಬಳಕೆ ಇಲ್ಲ’ ಅನ್ನುವ ಸಾಲು ನೋಡಿ, ಹೆಚ್ಚು ಪ್ರತಿ ಹಾಕಿ ಅಂಗಡಿಯಲ್ಲಿ ಇಡಲು ಒಪ್ಪಲಿಲ್ಲ. ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಭಂಡಾರ ವಿಕಿಮೀಡಿಯ ಕಾಮನ್ಸ್ ಎನ್‌ಸಿ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಕನ್ನಡ ವಿಕಿಪೀಡಿಯಕ್ಕೂ ಇಲ್ಲ. ಇದಕ್ಕಿಂತ ದೊಡ್ಡ ತಲೆನೋವು ಹೃದಯದ ಚಿತ್ರ. ಕಾಮನ್ಸಿನ ಬೈ-ಎಸ್‌ಎ 3.0 ಚಿತ್ರ ತಂದು, ಇಂಗ್ಲಿಷ್ ಹೆಸರು ಅಳಿಸಿ ಕನ್ನಡ ಹಾಕಿದರೆ, ನನ್ನ ರೂಪವೂ ಬೈ-ಎಸ್‌ಎ ಆಗಿಯೇ ಹೊರಬರಬೇಕು. ಹೊಸ ಆವೃತ್ತಿ 4.0 ಹಾಕಬಹುದು, ಎನ್‌ಸಿ ಅಂಟಿಸುವ ಹಾಗಿಲ್ಲ. ಒಂದೇ ಪುಸ್ತಕದಲ್ಲಿ ಅರ್ಧ ಚಿತ್ರ ಒಂದು ಲೈಸೆನ್ಸು, ಅರ್ಧ ಇನ್ನೊಂದು, ಓದುವವರಿಗೆ ಏನೂ ಅರ್ಥವಾಗದ ಪುಟ ತುಂಬಾ ಅಡಿಟಿಪ್ಪಣಿ. ಎನ್‌ಡಿ (ನೋ-ಡೆರಿವೇಟಿವ್ಸ್) ಷರತ್ತು ಇರುವ ಚಿತ್ರಗಳನ್ನಂತೂ ಮುಟ್ಟಲೇ ಇಲ್ಲ, ಲೇಬಲ್ ಬದಲಿಸಿ ಹಂಚುವ ಹಾಗೇ ಇಲ್ಲವಲ್ಲ.

‘ಪಾಠಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ, ಲೈಸೆನ್ಸ್ ಯಾಕೆ’ ಅನ್ನುವವರೂ ಇದ್ದರು. ಇದೆ, ನಿಜ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಕೇಸಿನಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಪಾಠಕ್ಕಾಗಿ ಜೆರಾಕ್ಸ್ ಮಾಡುವುದು ತಪ್ಪಲ್ಲ ಅಂದದ್ದೂ ಅದನ್ನೇ ಹಿಡಿದು. ಅದು ಪಾಠದ ಸಂದರ್ಭಕ್ಕೆ. ಬೇರೆ ಜಿಲ್ಲೆಯ ಮೇಷ್ಟ್ರು ತಿದ್ದಿ, ಪ್ರಿಂಟ್ ಹಾಕಿ ಹಂಚಬೇಕೆಂದರೆ ಅದನ್ನು ನೆಚ್ಚಿಕೊಂಡು ಕೂರಲಾಗುವುದಿಲ್ಲ. ಇನ್ನೊಂದು, ಸಂಬಳಕ್ಕೆ ಇರುವವರು 17ನೇ ಸೆಕ್ಷನ್ ನೋಡಿಕೊಳ್ಳಿ. ಕೆಲಸದ ಭಾಗವಾಗಿ ಬರೆದದ್ದರ ಹಕ್ಕು ಮೊದಲು ಸಂಸ್ಥೆಗೇ ಹೋಗಬಹುದು. ನಮ್ಮದು ಅನುದಾನಿತ ಶಾಲೆ. ಆಡಳಿತ ಮಂಡಳಿಯಿಂದ ಒಂದು ಪತ್ರ ಬರೆಸಿಕೊಂಡೆ, ಅದಕ್ಕೇ ತಿಂಗಳುಗಟ್ಟಲೆ ಅಲೆದಾಟ.

ದುಡ್ಡಿನ ವಿಷಯ. ಡಿಟಿಪಿಯವರು ಪುಟಕ್ಕೆ ಅರವತ್ತು, ಚಿತ್ರಕ್ಕೆ ಬೇರೆ ಅಂದರು. ಎಪ್ಪತ್ತು ಪುಟಕ್ಕೆ, ಚಿತ್ರವೂ ಸೇರಿ, ಹತ್ತು ಸಾವಿರದ ಹತ್ತಿರ ಆಗುತ್ತಿತ್ತು. ಲಿಬ್ರೆ ಆಫೀಸ್, ಇಂಕ್‌ಸ್ಕೇಪ್ ಅನ್ನುವ ಉಚಿತ ತಂತ್ರಾಂಶ ಹಿಡಿದು ನಾನೇ ಕೂತೆ. ಹಳೆಯ ನೋಟ್ಸೆಲ್ಲ ‘ನುಡಿ’ ಫಾಂಟಿನಲ್ಲಿತ್ತು, ಯೂನಿಕೋಡ್‌ಗೆ ತಿರುಗಿಸಿದರೆ ಅರ್ಕಾವತ್ತುಗಳೆಲ್ಲ ಎಡವಟ್ಟು, ಕೊನೆಗೆ ಮುಕ್ಕಾಲು ಪಾಲು ಮತ್ತೆ ಟೈಪ್ ಮಾಡಿದ್ದೇ. ಮುನ್ನೂರು ಪ್ರತಿಗೆ ಒಂದೊಂದಕ್ಕೆ ಸುಮಾರು ಮೂವತ್ತೈದು ರೂಪಾಯಿ ಬಿತ್ತು. ಅರ್ಧ ಹಳೆಯ ವಿದ್ಯಾರ್ಥಿಗಳು ಕೊಟ್ಟರು, ಅರ್ಧ ನನ್ನ ಜೇಬು.

ಕೆಲಸ ಉಳಿಸಿದ್ದು ಒಂದು ಶೀಟು. ಚಿತ್ರದ ಹೆಸರು, ಮಾಡಿದವರು, ಎಲ್ಲಿಂದ ತಂದದ್ದು, ಲೈಸೆನ್ಸ್, ನಾನು ಏನು ಬದಲಿಸಿದೆ. ಕೊನೆಯ ಕಾಲಂ ಬಹಳ ಜನ ಬಿಡುತ್ತಾರೆ, ಬದಲಿಸಿದ್ದನ್ನು ಹೇಳಲೇಬೇಕು ಅಂತ ಲೈಸೆನ್ಸಿನಲ್ಲೇ ಇದೆ. ಲೇಬಲ್ ಇಲ್ಲದ ಎಸ್‌ವಿಜಿ (ಸುಲಭವಾಗಿ ತಿದ್ದಬಹುದಾದ) ಚಿತ್ರಗಳನ್ನು ಬೇಗ ಹುಡುಕಲು ಒಂದು ದಾರಿ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎನ್‌ಸಿ ತೆಗೆದು ಬರೀ ಬೈ-ಎಸ್‌ಎ ಮಾಡಿದ ಮರುವರ್ಷ ಸ್ಟಾಫ್ ರೂಮಿನವರು ಹೇಳಿದಂತೆಯೇ ಆಯಿತು. ಒಂದು ಗೈಡಿನಲ್ಲಿ ನನ್ನ ನೆಫ್ರಾನ್, ಹೃದಯದ ಚಿತ್ರ ಎರಡೂ ನನ್ನ ಹೆಸರಿಲ್ಲದೆ ಬಂದವು. ‘ಈಗೇನಂತೀರಿ?’ ಅಂದರು. ನಾನು ಗೈಡಿನವರಿಗೆ ಒಂದು ಪತ್ರ ಹಾಕಿದೆ, ಅಷ್ಟೇ. ಮಾರಿಕೊಳ್ಳಿ, ನನಗೇನೂ ತೊಂದರೆ ಇಲ್ಲ. ಆದರೆ ಹೆಸರು, ಲೈಸೆನ್ಸ್ ಹಾಕದಿದ್ದರೆ ನಿಮ್ಮ ಹಕ್ಕು ರದ್ದು. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ತಾನಾಗಿಯೇ ವಾಪಸ್ ಬರುತ್ತದೆ, 4.0ರಲ್ಲಿ ಹಾಗೇ ಬರೆದಿದೆ. ವಕೀಲರಿಲ್ಲ, ಸ್ಪೀಡ್ ಪೋಸ್ಟ್ ಖರ್ಚು ಮಾತ್ರ. ಉಳಿದ ಪ್ರತಿಗಳಿಗೆ ಚೀಟಿ ಅಂಟಿಸಿದರು, ಮುಂದಿನ ಮುದ್ರಣದಲ್ಲಿ ಹೆಸರು ಅಚ್ಚಾಯಿತು. ಆ ಸಾಲು ನೋಡಿಯೇ ದೂರದ ಮೇಷ್ಟ್ರುಗಳು ಪುಸ್ತಕ ಹುಡುಕಿಕೊಂಡು ಬಂದರು. ನಾನೇ ಜಾಹೀರಾತು ಕೊಟ್ಟಿದ್ದರೂ ಅಷ್ಟು ಜನ ಬರುತ್ತಿರಲಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗ. ಮೈಸೂರು ವಿಶ್ವವಿದ್ಯಾಲಯದ ವಿಶ್ವಕೋಶ ಮುಕ್ತ ಲೈಸೆನ್ಸಿನಲ್ಲಿ ಪುಸ್ತಕಗಳ ಜಾಲತಾಣ ಕನ್ನಡ ವಿಕಿಸೋರ್ಸ್‌ನಲ್ಲಿ ಇದೆಯಲ್ಲ, ಅದರ ಲೇಖನಗಳನ್ನು ಮಕ್ಕಳಿಂದಲೇ ಸರಳ ಮಾಡಿಸೋಣ ಅಂದುಕೊಂಡೆ. ಭಾಷೆ ಅವರಿಗೆ ಭಾರವಾಯಿತು, ನಿಲ್ಲಿಸಿದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ ತಾಣದ ಮುಕ್ತ ಲೈಸೆನ್ಸಿನ ಕಥೆಗಳನ್ನು ಎಂಟನೇ ಕ್ಲಾಸಿನವರು ಕನ್ನಡಕ್ಕೆ ತಂದರು, ಅದು ಚೆನ್ನಾಗಿ ಬಂತು.

ಬರೀ ಪಿಡಿಎಫ್ ಕೊಡಬೇಡಿ, ಲೈಸೆನ್ಸ್ ಇದ್ದೂ ಯಾರೂ ತಿದ್ದಲಾರರು. ನಾನು ತಿದ್ದಬಹುದಾದ ಕಡತಗಳನ್ನೇ, ಬರಹಕ್ಕೆ ಓಡಿಟಿ, ಚಿತ್ರಕ್ಕೆ ಎಸ್‌ವಿಜಿ, ಎರಡೂ ಕೊಡುತ್ತೇನೆ. ರಾಯಚೂರು ಕಡೆಯ ಒಬ್ಬರು ಸಸ್ಯಗಳ ಅಧ್ಯಾಯಕ್ಕೆ ತಮ್ಮ ಊರಿನ ತೊಗರಿ, ಜೋಳದ ಪ್ರಶ್ನೆಗಳನ್ನು ಸೇರಿಸಿ ಕಳಿಸಿದರು. ಹೊಸ ಮುದ್ರಣದಲ್ಲಿ ಅವರ ಹೆಸರೂ ಇದೆ. ಭೌತಶಾಸ್ತ್ರದ್ದು ಈಗ ಅರ್ಧ ಆಗಿದೆ, ಸರ್ಕ್ಯೂಟ್ ಚಿತ್ರಗಳೆಲ್ಲ ನಾನೇ ಬರೆದದ್ದು. ಪ್ರಿಂಟಿಗೆ ಇನ್ನೂ ಆರೇಳು ಸಾವಿರ ಹೊಂದಿಸಬೇಕು.