ಕಾರಿನ ಹೀಟರ್ ಬಿಸಿಯಾಗದಿದ್ದರೆ ಮೊದಲು ಥರ್ಮೋಸ್ಟಾಟ್ ನೋಡಿಸಿ

ಡಿಸೆಂಬರ್ ಬೆಳಗಿನಲ್ಲಿ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೊರಟರೆ ನಮ್ಮ ಹಳೆಯ ಕಾರಿನ ಹೀಟರ್ ಉಗುರುಬೆಚ್ಚಗಿನ ಗಾಳಿಯನ್ನಷ್ಟೇ ಬಿಡುತ್ತಿತ್ತು. ಅಮ್ಮನಿಗೆ ಮಂಡಿನೋವು, ಚಳಿ ತಾಗಿದರೆ ಇಡೀ ದಿನ ಸಂಕಟ. ಗ್ಯಾರೇಜಿನವರು ಡ್ಯಾಶ್‌ಬೋರ್ಡ್ ಬಿಚ್ಚಿ, ಒಳಗೆ ಗಾಳಿಯನ್ನು ಬಿಸಿಮಾಡುವ ಹೀಟರ್ ಕೋರ್ ಬದಲಿಸಬೇಕು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ.

ಪೆಟ್ರೋಲ್ ಕಾರಿನ ಹೀಟರ್‌ಗೆ ಶಾಖ ಬರುವುದು ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟ್‌ನಿಂದ. ಸುಳಿವು ಕೊಟ್ಟದ್ದು ತಾಪಮಾನದ ಮುಳ್ಳು: ಏರಿನಲ್ಲಿ ನಡುವಿಗೆ ಬಂದದ್ದು ಇಳಿಜಾರಿನಲ್ಲಿ ಮತ್ತೆ ಕೆಳಗೆ ಜಾರುತ್ತಿತ್ತು. ಅಂದರೆ ಕೂಲೆಂಟ್ ಬಿಸಿಯಾಗುವ ಮೊದಲೇ ಅದನ್ನು ತಣಿಸುವ ರೇಡಿಯೇಟರ್‌ಗೆ ಹರಿದುಹೋಗುತ್ತಿದೆ. ಬಿಸಿಯಾಗುವವರೆಗೆ ಅದನ್ನು ತಡೆದಿಡಬೇಕಾದದ್ದು ಥರ್ಮೋಸ್ಟಾಟ್. ಎಂಜಿನ್ ಪೂರ್ತಿ ಆರಿದ ಮೇಲೆ ಅದನ್ನು ಬಿಚ್ಚಿಸಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕವಾಟ. ಅಂಚಿಗೆ ಕಂದು ಗಸಿ ಕಟ್ಟಿ, ತಣ್ಣಗಿದ್ದರೂ ಬಾಯಿ ತೆರೆದೇ ಇತ್ತು. ಅದು ತೆರೆಯಬೇಕಾದದ್ದು ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ. ಹೊಸದನ್ನು ಹಾಕಿಸಿ, ಕೂಲೆಂಟ್ ತುಂಬಿಸಿ, ಕೊಳವೆಗಳಲ್ಲಿ ಉಳಿದ ಗಾಳಿ ತೆಗೆಸಿದೆ.

ಈಗ ಬಿಸಿಗಾಳಿ ಧಾರಾಳ. ಅಮ್ಮ ಶಾಲು ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಚಾರ್ಮಾಡಿಯ ಮಂಜಿನಲ್ಲಿ ಗಾಜಿನ ಒಳಮೈ ಮಸುಕಾದರೆ ಹೀಟರಿನ ಜೊತೆಗೇ ಎಸಿಯನ್ನೂ ಹಾಕಿ. ಎಸಿ ಗಾಳಿಯ ತೇವ ತೆಗೆಯುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಮಾತ್ರ ಬಂದ್ ಇರಲಿ.