ಕೀಬೋರ್ಡಿನಲ್ಲಿ ಪಿಟೀಲು ನುಡಿಸುವವರಿಗೆ

ಮೈಸೂರಿನ ಆರ್ಕೆಸ್ಟ್ರಾ ಗೆಳೆಯರೇ, ಗಣೇಶೋತ್ಸವದ ವೇದಿಕೆಯಲ್ಲಿ ಕೀಬೋರ್ಡಿನ ಪಿಟೀಲು ಹಾರ್ಮೋನಿಯಂ ಥರ ಕೇಳಿಸಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಷ್ಟೋ ಸಲ ತಪ್ಪು ಟೋನಿನದಲ್ಲ, ನುಡಿಸುವ ರೀತಿಯದು.

ಪಿಟೀಲಿನ ಜೀವ ಇರುವುದು ಕಮಾನಿನಲ್ಲಿ. ಸ್ವರ ಶುರುವಾದ ಮೇಲೂ ಕಮಾನಿನ ವೇಗ, ಒತ್ತಡ ಬದಲಾಗುತ್ತಲೇ ಇರುತ್ತವೆ. ಕೀ ಒತ್ತಿ ಸುಮ್ಮನಿದ್ದರೆ ಅದು ಬರುವುದಿಲ್ಲ. ನುಡಿಸುತ್ತಲೇ ಕಾಲಿನಿಂದ ದನಿ ಏರಿಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಹಾಕಿಕೊಳ್ಳಿ (ಕೀಬೋರ್ಡುಗಳ ಸಂದೇಶ ಪದ್ಧತಿಯಾದ ಮಿಡಿಯಲ್ಲಿ ಇದು ಕಂಟ್ರೋಲರ್ 11). ಸ್ವರವನ್ನು ಮೆಲ್ಲಗೆ ಎತ್ತಿ, ತುಂಬಿಸಿ, ಇಳಿಸಿ. ಒಂದು ವಾರ ಬರೀ ‘ಸ’ ಒಂದನ್ನೇ ಹೀಗೆ ಅಭ್ಯಾಸ ಮಾಡಿ.

ಮೋನೊ ಮೋಡ್ (ಒಂದು ಸಲಕ್ಕೆ ಒಂದೇ ಸ್ವರ), ಲೆಗಾಟೊ (ಸ್ವರಗಳು ಕಡಿಯದೆ ಕೂಡುವುದು) ಎರಡೂ ಆನ್ ಇರಲಿ. ಕೀ ಬಿಟ್ಟರೂ ಸ್ವರ ಉಳಿಸುವ ಸಸ್ಟೇನ್ ಪೆಡಲ್ ಮುಟ್ಟಬೇಡಿ, ಸ್ವರಗಳು ಕಲೆಸಿಹೋಗುತ್ತವೆ. ಸ್ವರದ ಸಣ್ಣ ನಡುಕವಾದ ವೈಬ್ರೇಟೊವನ್ನು ಸ್ವರ ಸ್ಥಿರವಾದ ಮೇಲೆ ಮಾಡ್ಯುಲೇಶನ್ ವೀಲ್‌ನಿಂದ ತನ್ನಿ, ಮೊದಲೇ ಅಲ್ಲ.

ಸ್ವರವನ್ನು ಜಾರಿಸಿ, ತೂಗಿಸಿ ನುಡಿಸುವ ನಮ್ಮ ಗಮಕಕ್ಕೆ ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಎಳೆಯುವ ವೀಲ್) ಬೇಕೇ ಬೇಕು. ಮೋಹನ ರಾಗದಲ್ಲಿ ‘ರಿ’ಯಿಂದ ‘ಗ’ಕ್ಕೆ ಜಾರಲು 2 ಸೆಮಿಟೋನ್ (ಕಪ್ಪು ಬಿಳುಪು ಸೇರಿ ಪಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್) ಸಾಕು, ‘ಗ’ದಿಂದ ‘ಪ’ಕ್ಕೆ 3 ಬೇಕು. ಪಿಚ್ ಬೆಂಡ್ ಎಷ್ಟು ದೂರ ಎಳೆಯಬೇಕೆಂಬ ರೇಂಜ್ ಅದಕ್ಕೆ ತಕ್ಕಂತೆ ಬದಲಿಸಿ.

ಪಿಟೀಲು ವಿದ್ವಾಂಸ ಚೌಡಯ್ಯನವರು ನಮ್ಮ ತಿರುಮಕೂಡಲು ನರಸೀಪುರದ ಕಡೆಯವರೇ. ಅವರ ಏಳು ತಂತಿಯ ಪಿಟೀಲನ್ನು ಧ್ವನಿಮುದ್ರಣದಲ್ಲಿ ಕೇಳಿ, ಕಮಾನು ಎಲ್ಲೆಲ್ಲಿ ತಿರುಗುತ್ತದೆ ಎಂದು ಗಮನಿಸಿ. ಅಲ್ಲೆಲ್ಲ ನಿಮ್ಮ ಪೆಡಲೂ ಒಂದು ಕ್ಷಣ ಇಳಿಯಲಿ.