ಕಾಸರಗೋಡಿನ ಮಳೆ ಕೇಳಿದರೆ ಪುತ್ತೂರಿನದು ಬಂತು: ನೆಟ್‌ಸಿಡಿಎಫ್‌ಗೆ ಲುವಾ ಬೈಂಡಿಂಗ್

ಹವಾಮಾನ ಇಲಾಖೆಯ ಗ್ರಿಡ್ ಮಳೆ ಲೆಕ್ಕ ವರ್ಷಕ್ಕೊಂದು ನೆಟ್‌ಸಿಡಿಎಫ್ ಫೈಲಾಗಿ (ಸಂಖ್ಯೆಗಳ ದೊಡ್ಡ ಕೋಷ್ಟಕ ಇಡುವ ಫೈಲ್ ಬಗೆ) ಸಿಗುತ್ತದೆ. ಕಾಲು ಡಿಗ್ರಿಗೊಂದು ಬಿಂದು, ಅಕ್ಷಾಂಶ 6.5ರಿಂದ 38.5ರವರೆಗೆ 129, ರೇಖಾಂಶ 66.5ರಿಂದ 100ರವರೆಗೆ 135. ನನಗೆ ಬೇಕಿದ್ದದ್ದು ಒಂದೇ ಬಿಂದು: 12.5 ಉತ್ತರ, 75 ಪೂರ್ವ, ಅಂದರೆ ಕಾಸರಗೋಡು ಪೇಟೆ. ಅಡಿಕೆಗೆ ಮದ್ದು ಬಿಡುವ ದಿನ ನೋಡಲು, ಜೂನ್‌ನಲ್ಲಿ 2.5 ಮಿ.ಮೀ.ಗೆ ಕಡಿಮೆಯಿಲ್ಲದೆ ಮಳೆ ಬಂದ ದಿನಗಳೆಷ್ಟು ಎಂದು ಎಣಿಸಬೇಕಿತ್ತು. ಅದಕ್ಕಾಗಿ ನೆಟ್‌ಸಿಡಿಎಫ್ ಓದುವ ಸಿ ಲೈಬ್ರರಿಯನ್ನು ಲುವಾ 5.4 ಎಂಬ ಸ್ಕ್ರಿಪ್ಟ್ ಭಾಷೆಗೆ ಜೋಡಿಸಿದೆ. ಈ ಜೋಡಣೆಯೇ ಬೈಂಡಿಂಗ್.

ಎಲ್ಲ ಫಂಕ್ಷನ್‌ಗಳನ್ನೂ ಸುತ್ತುವ ಹಟ ಬೇಡ. ಓದಲಷ್ಟೇ ಆದರೆ ತೆರೆಯುವುದು, ಮುಚ್ಚುವುದು, ಹೆಸರಿನಿಂದ ವೇರಿಯಬಲ್ ಹುಡುಕುವುದು, ಡೈಮೆನ್ಶನ್ ಅಳತೆ, ಆಟ್ರಿಬ್ಯೂಟ್ (ಏಕಮಾನದಂಥ ಟಿಪ್ಪಣಿ), ಮತ್ತೆ ಬೇಕಾದ ತುಂಡನ್ನಷ್ಟೇ ಓದುವ ಎನ್‌ಸಿ_ಗೆಟ್_ವಾರಾ_ಡಬಲ್; ಇಷ್ಟು ಸಾಕು. ಫೈಲಿನಲ್ಲಿ ಫ್ಲೋಟ್ ಇರಲಿ ಶಾರ್ಟ್ ಇರಲಿ, ಲೈಬ್ರರಿಯೇ ಡಬಲ್ ಎಂಬ 8 ಬೈಟಿನ ದಶಮಾಂಶ ಸಂಖ್ಯೆಗೆ ಬದಲಿಸಿ ಕೊಡುತ್ತದೆ. ಆದರೆ ಸ್ಕೇಲ್ ಫ್ಯಾಕ್ಟರ್, ಆಫ್‌ಸೆಟ್ ಇದ್ದರೆ ಅದು ಗುಣಿಸಿ ಕೂಡಿಸಿ ಕೊಡುವುದಿಲ್ಲ, ಅದು ನಮ್ಮ ಕೆಲಸ. 'ಲೆಕ್ಕ ಇಲ್ಲ' ಎಂಬ ಗುರುತಿನ ಸಂಖ್ಯೆಯನ್ನು ಗುಣಿಸುವ ಮೊದಲೇ ಹೋಲಿಸಿ ನೋಡಬೇಕು. ಆಮೇಲೆ ಅದು ಗುರುತು ಸಿಗದು.

ಇವುಗಳಲ್ಲಿ ಪ್ರತಿ ಫಂಕ್ಷನ್ ಒಂದು ಪೂರ್ಣಾಂಕ ಹಿಂತಿರುಗಿಸುತ್ತದೆ, ಸೊನ್ನೆಯಾದರೆ ಸರಿ. ಇಲ್ಲದಿದ್ದರೆ ಎನ್‌ಸಿ_ಸ್ಟ್ರ್‌ಎರರ್ ಕೊಡುವ ವಾಕ್ಯವನ್ನೇ ಲುವಾ ಎರರ್ ಆಗಿ ಎಸೆಯುತ್ತೇನೆ. ಇಲ್ಲೊಂದು ಗುಂಡಿ ಇದೆ: ಲುವಾ ಎರರ್ ಲಾಂಗ್‌ಜಂಪ್ ಮಾಡಿ ಹೊರಗೆ ಹಾರುತ್ತದೆ, ಮೆಮೊರಿ ಬಿಡಿಸಲು ಕೆಳಗೆ ಬರೆದ 'ಫ್ರೀ' ಸಾಲು ನಡೆಯುವುದೇ ಇಲ್ಲ. ಆದ್ದರಿಂದ ಸಿಯ ಮ್ಯಾಲಕ್ ಬಿಟ್ಟು ಬಫರನ್ನು ಯೂಸರ್‌ಡೇಟಾ, ಅಂದರೆ ಲುವಾ ತಾನೇ ನೋಡಿಕೊಳ್ಳುವ ಮೆಮೊರಿ ಆಗಿಯೇ ಪಡೆಯಿರಿ. ಲುವಾದ ಕಸ ಗುಡಿಸುವವ (ಗಾರ್ಬೇಜ್ ಕಲೆಕ್ಟರ್, ಜಿಸಿ) ಗುಡಿಸಿಕೊಳ್ಳಲಿ. ಇಡೀ ವರ್ಷದ ದೇಶದ ಲೆಕ್ಕ 365×129×135, ಅಂದರೆ 63,56,475 ಸಂಖ್ಯೆ. ಡಬಲ್ ಆಗಿ ಸುಮಾರು 51 ಎಂಬಿ. ಲುವಾ ಟೇಬಲ್‌ಗೆ ಸುರಿದರೆ ತಲಾ 16 ಬೈಟಿನಂತೆ ಅದರ ಇಮ್ಮಡಿ.

ಹೆಚ್ಚು ತಲೆ ತಿಂದದ್ದು ಇಂಡೆಕ್ಸ್. ಸಿ ಸೊನ್ನೆಯಿಂದ ಎಣಿಸುತ್ತದೆ, ಲುವಾ ಒಂದರಿಂದ. ಕಾಸರಗೋಡು ಸಿಯಲ್ಲಿ 24, 34. ಲುವಾದವರು ಕೊಡುವುದು 25, 35. ಒಂದು ಕಳೆಯಲು ಮರೆತರೆ 12.75, 75.25ಕ್ಕೆ ಹೋಗಿ ನಿಲ್ಲುತ್ತೇವೆ, ಪುತ್ತೂರಿನ ಬಗಲಿಗೆ. ಅಲ್ಲೂ ಜೂನ್‌ನಲ್ಲಿ ಧೋ ಎಂದು ಸುರಿಯುವುದರಿಂದ ಸಂಖ್ಯೆ ನೋಡಿದವರಿಗೆ ಸಂಶಯವೇ ಬಾರದು. ದಿನದ ಇಂಡೆಕ್ಸೂ ಒಂದು ಮುಂದೆ ಜಾರಿರುತ್ತದೆ. ಇಡೀ ವರ್ಷ ಕೇಳಿದರೆ ಕೊನೆಯ ದಿನ ಅಂಚು ದಾಟಿ −57 ಎರರ್ ಬರುತ್ತದೆ. ಜೂನ್ ಮಾತ್ರ ಕೇಳಿದರೆ ಉಸಿರೇ ಇಲ್ಲ. ಒಂದನ್ನು ಎರಡು ಸಲ ಕಳೆದರೆ 12.25, 74.75: ಅರಬ್ಬಿ ಸಮುದ್ರ, ಅಲ್ಲಿ 'ಲೆಕ್ಕ ಇಲ್ಲ'. ಇದಾದರೂ ವಾಸಿ, ತಪ್ಪು ಬೇಗ ಗೊತ್ತಾಗುತ್ತದೆ. ನನ್ನ ಪರೀಕ್ಷೆ ಇಷ್ಟೇ: ಅಕ್ಷಾಂಶದ ವೇರಿಯಬಲ್ಲನ್ನೂ ಅದೇ ಬೈಂಡಿಂಗಿನಿಂದ ಓದಿ, 25ನೆಯದು 12.5 ಆಗಿರಲೇಬೇಕು.

ಆಟ್ರಿಬ್ಯೂಟ್ ಪಠ್ಯದ ಕೊನೆಗೆ ಸೊನ್ನೆ ಬೈಟ್ ಇರುತ್ತದೆಂದು ನಂಬಬೇಡಿ. ಉದ್ದ ಮೊದಲು ಕೇಳಿ, ಲುವಾ_ಪುಷ್‌ಎಲ್‌ಸ್ಟ್ರಿಂಗ್‌ಗೆ ಅಷ್ಟನ್ನೇ ಕೊಡಿ, ಇಲ್ಲವಾದರೆ 'ಮಿ.ಮೀ.'ಯ ಬಾಲಕ್ಕೆ ಕಸ ಅಂಟುತ್ತದೆ.

ತೆರೆದಾಗ ಲೈಬ್ರರಿ ಕೊಟ್ಟ ಫೈಲ್ ಸಂಖ್ಯೆಯನ್ನು ಮುಚ್ಚಿದ ಮೇಲೆ −1 ಮಾಡಿಡಬೇಕು. ಇಲ್ಲವಾದರೆ, ಅದೇ ಸಂಖ್ಯೆ ಹೊಸ ಫೈಲಿಗೆ ಸಿಕ್ಕಿದ್ದರೆ ತಡವಾಗಿ ಬಂದ ಜಿಸಿ ಆ ಫೈಲನ್ನೇ ಮುಚ್ಚಿಬಿಡುತ್ತದೆ. ವರ್ಷಗಳ ಲೂಪಿನಲ್ಲಿ ಜಿಸಿಗೆ ಕಾಯದೆ ಕೈಯಾರೆ ಮುಚ್ಚುವುದೇ ಮೇಲು. ಆ ಲೂಪಿನಲ್ಲಿ 365 ಎಂದು ಬರೆದಿಡಬೇಡಿ, ಡೈಮೆನ್ಶನ್ ಉದ್ದ ಕೇಳಿ: ಜೂನ್ 1 ಸಾಮಾನ್ಯ ವರ್ಷದಲ್ಲಿ 152ನೆಯ ದಿನ, 2024ರಂಥ ಅಧಿಕ ವರ್ಷದಲ್ಲಿ 153.